ಷರಾ ಎಂಬ ಕೊನೆಯ ಕಾಲಂ

ನನ್ನ ಆಯುಷ್ಯದ ಬಹುಪಾಲು ಗೆರೆ ಎಳೆಯುವುದರಲ್ಲೇ ಕಳೆಯಿತು ಎಂದರೆ ನೀವು ನಗಬಹುದು. ರಂಗೋಲಿಯ ಗೆರೆಯಲ್ಲ, ಅದು ನನಗೆ ಎಂದೂ ನೆಟ್ಟಗೆ ಬರಲಿಲ್ಲ. ನಾನು ಹೇಳುತ್ತಿರುವುದು ರಿಜಿಸ್ಟರಿನ ಗೆರೆ. 1983ರಲ್ಲಿ ಹಾವೇರಿ ಕಡೆಯ ಒಂದು ಪ್ರೌಢಶಾಲೆಯ ಕಚೇರಿಗೆ ಗುಮಾಸ್ತೆಯಾಗಿ ಸೇರಿದ ದಿನ ಹೆಡ್‌ಮಾಸ್ತರರು ನನ್ನ ಮುಂದೆ ಒಂದು ಖಾಲಿ ಪುಸ್ತಕ, ಒಂದು ಮರದ ರೂಲರು, ಒಂದು ಕೆಂಪು ಶಾಯಿಯ ಪೆನ್ನು ಇಟ್ಟರು. "ಮೊದಲು ಕ್ರಮ ಸಂಖ್ಯೆ, ಆಮೇಲೆ ಹೆಸರು, ಆಮೇಲೆ ಉಳಿದದ್ದು. ಕೊನೀಗೆ ಷರಾ. ಷರಾಕ್ಕ ಜಾಗ ಅಗಲ ಬಿಡ್ರಿ, ಮನುಷ್ಯಾರ ಸುದ್ದಿ ಎಲ್ಲಾ ಅಲ್ಲೇ ಬರೂದು" ಎಂದರು. ಮೂವತ್ತು ವರ್ಷ ನಾನು ಆ ಮಾತನ್ನು ಪಾಲಿಸಿದೆ. ಹಾಜರಿಯಲ್ಲಿ ಗೈರು ಎಂದಿದ್ದರೆ ಷರಾದಲ್ಲಿ "ಸೀತಾಳೆ ಸಿಡುಬು", "ಹತ್ತಿ ಬಿಡಿಸಲು ಹೋಗಿದ್ದಾಳೆ", "ಮದುವೆ ನಿಶ್ಚಯ" ಎಂದಿರುತ್ತಿತ್ತು. ಈಗ ಆ ಪುಸ್ತಕಗಳನ್ನು ಯಾರಾದರೂ ಬಿಚ್ಚಿ ನೋಡಿದರೆ ಅಂಕಿಗಳಿಗಿಂತ ಆ ಕೊನೆಯ ಕಾಲಮ್ಮೇ ಹೆಚ್ಚು ಮಾತಾಡುತ್ತದೆ.

ಈ ಗೆರೆಗಳನ್ನೆಲ್ಲ ಯಂತ್ರವೇ ಎಳೆದುಬಿಡುತ್ತದೆ ಎಂದು ನನಗೆ ತೋರಿಸಿದವಳು ನನ್ನ ಮಗಳು. ಅವಳು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾಳೆ. ನಾನು ನಿವೃತ್ತಳಾದ ಮರುವರ್ಷ, 2014ರ ದೀಪಾವಳಿಗೆ ಮನೆಗೆ ಬಂದವಳು ನಮ್ಮ ಮಹಿಳಾ ಸಂಘದ ಲೆಕ್ಕದ ಪುಸ್ತಕದ ಮೇಲೆ ಬಗ್ಗಿ ಕುಳಿತ ನನ್ನನ್ನು ನೋಡಿ, "ಅವ್ವಾ, ಇನ್ನೂ ಗೆರೀ ಹೊಡಕೋತ ಕುಂತೀಯಲ್ಲ! ಹೆಸರು, ರೊಕ್ಕ ಇಷ್ಟು ತುಂಬಿ ಇಟ್ಟರ ಸಾಕು, ಟೇಬಲ್ ತಾನ ತಯಾರಾಗತೈತಿ" ಎಂದಳು. ತಾನೇ ತಯಾರಾಗುವ ಟೇಬಲ್ಲು! ನನಗೆ ಸ್ವಲ್ಪ ಸಿಟ್ಟೂ ಬಂತು, ಕುತೂಹಲವೂ ಆಯಿತು. ಆ ಕುತೂಹಲದಿಂದ ನಾನು ಓದಿ, ಕೇಳಿ ತಿಳಿದದ್ದನ್ನೂ, ಆ ಟೇಬಲ್ಲಿನಿಂದ ನನಗಾದ ಒಂದು ನಾಚಿಕೆಯನ್ನೂ ಇಲ್ಲಿ ಹೇಳಬೇಕಾಗಿದೆ.

ಅಡ್ಡಸಾಲು, ಕಂಬಸಾಲು ಹಾಕಿ ವಿಷಯ ಬರೆದಿಡುವ ಬುದ್ಧಿ ಮನುಷ್ಯನಿಗೆ ಬಹಳ ಹಿಂದೆಯೇ ಬಂದಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಮಣ್ಣಿನ ಹಲಗೆಯಿದೆ. ಅದಕ್ಕೆ 'ಪ್ಲಿಂಪ್ಟನ್ 322' ಎಂದು ಹೆಸರು. ಸುಮಾರು 3,800 ವರ್ಷಗಳ ಹಿಂದೆ, ಇಂದಿನ ಇರಾಕಿನ ದಕ್ಷಿಣದ ಲಾರ್ಸಾ ಎಂಬ ಊರಿನ ಕಡೆ ಯಾರೋ ಹಸಿಮಣ್ಣಿನಲ್ಲಿ ಮೊಳೆಯಂಥ ಅಕ್ಷರ ಒತ್ತಿ ಬರೆದದ್ದು. ನಾಲ್ಕು ಕಂಬಸಾಲು, ಹದಿನೈದು ಅಡ್ಡಸಾಲು. ಒಳಗಿರುವುದು ಲಂಬಕೋನ ತ್ರಿಕೋನದ ಗಣಿತವಂತೆ. ಅದು ನನಗೆ ಎಟುಕದ ಮಾತು. ಆದರೆ ಪ್ರತಿ ಕಂಬಸಾಲಿನ ತಲೆಯ ಮೇಲೆ ಒಂದೊಂದು ಶೀರ್ಷಿಕೆಯಿದೆ. ಎಲ್ಲಕ್ಕಿಂತ ಬಲಗಡೆಯ ಕಂಬಸಾಲಿನಲ್ಲಿರುವುದು ಒಂದರಿಂದ ಹದಿನೈದರವರೆಗಿನ ಕ್ರಮ ಸಂಖ್ಯೆ. ಅದರ ತಲೆಯ ಮೇಲೆ ಬರೆದಿರುವ ಮಾತಿನ ಅರ್ಥ "ಅದರ ಹೆಸರು" ಎಂದು. ನಾನು ಇದನ್ನು ಓದಿದಾಗ ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಆ ಕಾಲದ ಗುಮಾಸ್ತನಿಗೆ ಕ್ರಮ ಸಂಖ್ಯೆ ಬರೀ ಎಣಿಕೆಯಾಗಿರಲಿಲ್ಲ, ಆ ಸಾಲಿನ ಹೆಸರಾಗಿತ್ತು. ಈ ಸಂಗತಿಯನ್ನು ನೀವೂ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲೂ ಕೋಷ್ಟಕಕ್ಕೆ ಬರವಿಲ್ಲ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಐದು ಅಂಗಗಳನ್ನು ದಿನದಿನಕ್ಕೂ ಹಾಕಿಟ್ಟ ಪಂಚಾಂಗ ಕೋಷ್ಟಕವಲ್ಲದೆ ಮತ್ತೇನು? ನಮ್ಮ ಹಿಂದಿನ ಅಂಗಡಿಕಾರರು, ಶಾನುಭೋಗರು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಡತಗಳನ್ನು ನೀವು ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು.

ಕೈಯಿಂದ ಬರೆದ ಕೋಷ್ಟಕಕ್ಕೆ ಒಂದು ಶಾಪ ಇದೆ, ತಪ್ಪು. ನಕಲು ಮಾಡುವಾಗ ಮೂರು ಎಂಟಾಗುತ್ತದೆ, ಒಂದು ಸಾಲು ಜಿಗಿದುಹೋಗುತ್ತದೆ. 1821ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗೆಳೆಯ ಜಾನ್ ಹರ್ಷೆಲ್ ಜೊತೆ ಖಗೋಳದ ಕೋಷ್ಟಕಗಳನ್ನು ತಾಳೆ ನೋಡುತ್ತಾ ಕುಳಿತಿದ್ದ. ತಪ್ಪಿನ ಮೇಲೆ ತಪ್ಪು ಸಿಕ್ಕಿ ಬೇಸತ್ತು, ಈ ಕೆಲಸವನ್ನು ಉಗಿಯಂತ್ರವೇ ಮಾಡುವಂತಿದ್ದರೆ ಎಂದು ಯೋಚಿಸಿದ. ಅವನು ಕಲ್ಪಿಸಿದ 'ಡಿಫರೆನ್ಸ್ ಎಂಜಿನ್' ಲೆಕ್ಕ ಮಾಡುವುದಷ್ಟೇ ಅಲ್ಲ, ಉತ್ತರವನ್ನು ಅಚ್ಚಿನ ಪಡಿಯಚ್ಚಿಗೂ ತಾನೇ ಒತ್ತಬೇಕಿತ್ತು. ನಡುವೆ ಮನುಷ್ಯನ ಕೈ ಬರಲೇಬಾರದು ಎಂಬುದು ಅವನ ಹಟ. ಅವನ ಜೀವಮಾನದಲ್ಲಿ ಅದು ಪೂರ್ಣವಾಗಲಿಲ್ಲ. ಅವನ ಎರಡನೆಯ ನಕ್ಷೆಯ ಪ್ರಕಾರ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದವರು ಲೆಕ್ಕದ ಭಾಗವನ್ನು 1991ರಲ್ಲಿ ಕಟ್ಟಿದರು. ಅಚ್ಚೊತ್ತುವ ಭಾಗ ಮುಗಿದದ್ದು 2002ರಲ್ಲಿ. ಯಂತ್ರ ಸರಿಯಾಗಿಯೇ ಕೆಲಸ ಮಾಡಿತು.

ಆ ನಡುವಿನ ಕಾಲವೆಲ್ಲ ಕೋಷ್ಟಕ ತುಂಬಿದವರು ಮನುಷ್ಯರೇ, ಅದರಲ್ಲೂ ಬಹಳ ಮಂದಿ ಹೆಣ್ಣುಮಕ್ಕಳು. 'ಕಂಪ್ಯೂಟರ್' ಎಂಬುದು ಆಗ ಲೆಕ್ಕ ಹಾಕುವ ಮನುಷ್ಯರಿಗೆ ಇದ್ದ ಹೆಸರು. 1938ರಲ್ಲಿ ನ್ಯೂಯಾರ್ಕಿನಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ಸರ್ಕಾರ ಗಣಿತದ ಕೋಷ್ಟಕ ತಯಾರಿಸುವ ಒಂದು ಯೋಜನೆ ತೆಗೆಯಿತು. ನೂರಾರು ಜನ ಪೆನ್ಸಿಲ್ ಹಿಡಿದು ಕೂಡುವುದು, ಕಳೆಯುವುದು ಮಾಡುತ್ತಿದ್ದರು. ಅವರ ಲೆಕ್ಕವನ್ನೆಲ್ಲ ಯೋಜಿಸಿ, ತಪ್ಪು ನುಸುಳದಂತೆ ಕಾಯುತ್ತಿದ್ದವಳು ಗರ್ಟ್ರೂಡ್ ಬ್ಲಾಂಚ್. ಪೋಲೆಂಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು, ಸಂಸಾರದ ಭಾರಕ್ಕೆ ವರ್ಷಗಟ್ಟಲೆ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ಸಂಜೆ ಕಾಲೇಜಿಗೆ ಹೋಗಿ ಓದಿ, 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದವಳು. ಗುಮಾಸ್ತೆಯೊಬ್ಬಳು ಆ ಎತ್ತರಕ್ಕೆ ಹೋದ ಕಥೆ ನನಗೆ ಎಷ್ಟು ಹಿತವಾಯಿತೆಂದು ಬೇರೆ ಹೇಳಬೇಕಿಲ್ಲ.

ಮುಂದೆ ಯಂತ್ರದ ಕಂಪ್ಯೂಟರ್ ಬಂತು. 1970ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ಒಂದು ಲೇಖನ ಬರೆದು, ಮಾಹಿತಿಯನ್ನೆಲ್ಲ ಕೋಷ್ಟಕಗಳ ರೂಪದಲ್ಲೇ ಇಡಬೇಕು ಎಂದ. ಒಂದೇ ಉದ್ದನೆಯ ಕೋಷ್ಟಕವಲ್ಲ, ಬೇರೆ ಬೇರೆ ಸಣ್ಣ ಕೋಷ್ಟಕಗಳು. ಸದಸ್ಯರ ಹೆಸರು ಒಂದರಲ್ಲಿ, ಅವರು ಕಟ್ಟಿದ ಹಣ ಇನ್ನೊಂದರಲ್ಲಿ. ಬೇಕಾದಾಗ ಎರಡನ್ನೂ ಜೋಡಿಸಿ ನೋಡುವುದು. ನಾವು ಡಬ್ಬಿಯ ಹಿಟ್ಟು ಬೇರೆ, ಬೇಳೆ ಬೇರೆ ಇಟ್ಟು, ಅಡುಗೆಗೆ ಬೇಕಾದಷ್ಟು ತೆಗೆದುಕೊಳ್ಳುವಂತೆ. ಕಾಡ್ ಹೇಳಿದ ಇನ್ನೊಂದು ಮಾತೂ ಇದೆ. ಈ ಕೋಷ್ಟಕದಲ್ಲಿ ಸಾಲುಗಳಿಗೆ ಹಿಂದೆಮುಂದೆ ಎಂಬುದಿಲ್ಲ. ಯಾವ ಸಾಲು ಎಲ್ಲಿದ್ದರೂ ಒಂದೇ. ಲಾರ್ಸಾದ ಗುಮಾಸ್ತ ಇದನ್ನು ಒಪ್ಪುತ್ತಿರಲಿಲ್ಲ.

ಹೀಗೆ ಡಬ್ಬಿಯೊಳಗೆ ಕೋಷ್ಟಕ ಸೇರಿತು. ಅದು ನಮ್ಮ ಕಣ್ಣಿಗೆ ಕಾಣುವ ಕೋಷ್ಟಕವಾದದ್ದು ಹೇಗೆ? 1989ರಿಂದ 1991ರ ನಡುವೆ ಜಿನೀವಾದ ಹತ್ತಿರದ ಸರ್ನ್ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ ಎಂಬುದನ್ನು ಕಟ್ಟಿದ. ಅದರ ಪುಟ ಬರೆಯುವ ಭಾಷೆಯೇ ಎಚ್‌ಟಿಎಂಎಲ್. ಅಲ್ಲಿಯ ಜನ ಮೊದಮೊದಲು ಅದನ್ನು ಬಳಸಿದ್ದು ಪ್ರಯೋಗಶಾಲೆಯ ಟೆಲಿಫೋನ್ ಡೈರೆಕ್ಟರಿ ನೋಡಲು. ಆದರೆ ಆ ಭಾಷೆಯಲ್ಲಿ ತಲೆಬರಹ, ಪ್ಯಾರಾ, ಪಟ್ಟಿ ಇದ್ದವೇ ಹೊರತು ಕೋಷ್ಟಕ ಇರಲಿಲ್ಲ. ಕೋಷ್ಟಕ ಬೇಕಾದವರು, ಖಾಲಿಜಾಗವನ್ನು ಇದ್ದಂತೆಯೇ ಇಡುವ ಒಂದು ಗುರುತು ಹಾಕಿ, ಅಕ್ಷರ ಎಣಿಸಿ ಎಣಿಸಿ ಸಾಲು ಹೊಂದಿಸಬೇಕಿತ್ತು. ಮಗಳು ಇದನ್ನು ಹೇಳಿದಾಗ ನಾನು ನಕ್ಕುಬಿಟ್ಟೆ. ಅದು ನಮ್ಮ ಟೈಪ್‌ರೈಟರಿನ ಕಥೆಯೇ! ಅಂಕಪಟ್ಟಿ ಟೈಪ್ ಮಾಡುವಾಗ ನಾವು ಟ್ಯಾಬುಲೇಟರ್ ಕೀಲಿಗೆ ಸ್ಥಾನ ಗೊತ್ತು ಮಾಡಿಟ್ಟು, ಅದನ್ನು ಒತ್ತಿದಾಗಲೆಲ್ಲ ಗಾಡಿ ಜಾರಿ ಮುಂದಿನ ಕಾಲಮ್ಮಿಗೆ ಬಂದು ನಿಲ್ಲುತ್ತಿತ್ತು. ಇಂದು ಕಂಪ್ಯೂಟರಿನ ಕೀಲಿಮಣೆಯ ಎಡಗಡೆ 'ಟ್ಯಾಬ್' ಎಂದು ಇರುತ್ತದಲ್ಲ, ಅದು ಆ ಟ್ಯಾಬುಲೇಟರಿನ ಚಿಕ್ಕ ಹೆಸರು. ಕೋಷ್ಟಕ ಮಾಡುವ ಕೀಲಿ ಎಂದೇ ಅರ್ಥ.

1993ರಲ್ಲಿ ಇಂಗ್ಲೆಂಡಿನ ಡೇವ್ ರ್‍ಯಾಗೆಟ್ ವೆಬ್ಬಿನ ಭಾಷೆಗೆ ಕೋಷ್ಟಕವನ್ನೂ ಸೇರಿಸಬೇಕೆಂದು ಪ್ರಸ್ತಾಪ ಬರೆದ. 1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರಿನ 1.1ನೆಯ ಆವೃತ್ತಿ ಕೋಷ್ಟಕ ತೋರಿಸಲು ಕಲಿತದ್ದರಿಂದ ಅದು ಮನೆಮಾತಾಯಿತು. 1996ರ ಮೇ ತಿಂಗಳಲ್ಲಿ ಅದರ ನಿಯಮಗಳು ಬರಹಕ್ಕಿಳಿದವು, 1997ರ ಜನವರಿಯಲ್ಲಿ ಎಚ್‌ಟಿಎಂಎಲ್ 3.2ರಲ್ಲಿ ಸೇರಿದವು. ನಿಯಮ ಬಹಳ ಸರಳ. 'ಟೇಬಲ್' ಎಂದು ಬಾಗಿಲು ತೆರೆಯಬೇಕು. ಒಂದು ಸಾಲಿಗೆ 'ಟಿಆರ್', ಸಾಲಿನೊಳಗಿನ ಒಂದೊಂದು ಮನೆಗೆ 'ಟಿಡಿ', ತಲೆಬರಹದ ಮನೆಗೆ 'ಟಿಎಚ್'. ಚೌಕಾಬಾರದ ಮನೆಗಳನ್ನು ಬಲ್ಲವರಿಗೆ ಇದೇನು ಕಷ್ಟ?

ಕಷ್ಟ ಇರುವುದು ಸಂಖ್ಯೆಯಲ್ಲಿ. ಹದಿನೆಂಟು ಜನರಿಗೆ ಆರು ಕಾಲಂ ಎಂದರೆ ನೂರೆಂಟು ಮನೆ. ಪ್ರತಿ ಮನೆಗೂ ತೆರೆಯುವ ಗುರುತು, ಮುಚ್ಚುವ ಗುರುತು. ತಿಂಗಳು ತಿಂಗಳೂ ಕೈಯಲ್ಲಿ ಬರೆಯುವವರು ಯಾರು? ಅದಕ್ಕೇ 1993ರ ಹೊತ್ತಿಗೆ ಸರ್ವರಿನಲ್ಲಿರುವ ಸಣ್ಣ ಪ್ರೋಗ್ರಾಂಗಳಿಂದ ಪುಟ ಬರೆಸುವ ದಾರಿ ಹುಡುಕಿದರು. 1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಎಂಬವನು ತನ್ನ ಬಯೋಡೇಟಾ ಪುಟವನ್ನು ಯಾರು ಯಾರು ನೋಡುತ್ತಾರೆಂದು ಲೆಕ್ಕವಿಡಲು ಮಾಡಿಕೊಂಡ ಸಲಕರಣೆ 'ಪಿಎಚ್‌ಪಿ' ಆಗಿ ಬೆಳೆಯಿತು. 2004ರಲ್ಲಿ 'ರೈಲ್ಸ್', 2005ರಲ್ಲಿ 'ಜ್ಯಾಂಗೊ' ಬಂದವು. ಇವನ್ನು ಫ್ರೇಮ್‌ವರ್ಕ್ ಎನ್ನುತ್ತಾರೆ. ಮನೆ ಕಟ್ಟುವವರಿಗೆ ಚೌಕಟ್ಟು, ಬಾಗಿಲು ಮೊದಲೇ ತಯಾರಿರುವ ಹಾಗೆ. ನನ್ನ ಮಗಳು ಬಳಸಿದ್ದು ಜ್ಯಾಂಗೊ. ಅದು ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಸಣ್ಣ ಊರಿನ ಪತ್ರಿಕಾ ಕಚೇರಿಯಲ್ಲಿ. ಗಂಟೆಗಳ ಲೆಕ್ಕದಲ್ಲಿ ಹೊಸ ಪುಟ ಬೇಕೆನ್ನುವ ಪತ್ರಿಕೆಯವರ ಅವಸರಕ್ಕೆಂದು ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬಿಬ್ಬರು 2003ರಲ್ಲಿ ಅದನ್ನು ಶುರು ಮಾಡಿದರಂತೆ. ಬೆಂಕಿಯಲ್ಲಿ ಬೆರಳು ಸುಟ್ಟುಕೊಂಡೂ ಗಿಟಾರ್ ನುಡಿಸಿ ಹೆಸರಾದ ಜ್ಯಾಂಗೊ ರೈನ್‌ಹಾರ್ಟ್ ಎಂಬ ಕಲಾವಿದನ ಹೆಸರು ಅದಕ್ಕೆ.

ಅದು ಕೆಲಸ ಮಾಡುವ ಬಗೆ ನನಗೆ ಅರ್ಥವಾದದ್ದು ಮದುವೆ ಮನೆಯ ಊಟದ ಪಂಕ್ತಿಯಿಂದ. ಉಗ್ರಾಣದಲ್ಲಿ ಸಾಮಾನು ಇರುತ್ತದೆ, ಅದು ಡೇಟಾ. ಉಗ್ರಾಣದಿಂದ ಏನು ತೆಗೆಯಬೇಕು, ಯಾವ ಪಂಕ್ತಿಗೆ ಏನು ಹೋಗಬೇಕು ಎಂದು ಹೇಳುವ ಒಬ್ಬ ಹಿರಿಯರು ಅಡುಗೆಮನೆಯಲ್ಲಿರುತ್ತಾರೆ. ಅದನ್ನು 'ವ್ಯೂ' ಎನ್ನುತ್ತಾರೆ. ಬಡಿಸುವವರಿಗೆ ಒಂದು ಕ್ರಮ ಗೊತ್ತಿರುತ್ತದೆ: ಎಲೆಯ ತುದಿಗೆ ಉಪ್ಪು, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಈ ಕ್ರಮ 'ಟೆಂಪ್ಲೇಟ್'. ಬಡಿಸುವವನಿಗೆ ನೂರು ಎಲೆಗೆ ನೂರು ಸಲ ಹೇಳಬೇಕೇ? "ಪ್ರತಿ ಎಲೆಗೂ ಹೀಗೆ" ಎಂದು ಒಂದೇ ಸಲ ಹೇಳಿದರೆ ಸಾಕು. ಟೆಂಪ್ಲೇಟಿನಲ್ಲಿಯೂ ಅಷ್ಟೇ. ಬಂದ ಪಟ್ಟಿಯ ಪ್ರತಿಯೊಬ್ಬ ಸದಸ್ಯೆಗೂ ಒಂದು 'ಟಿಆರ್' ತೆರೆ, ಅವಳ ಹೆಸರನ್ನು ಒಂದು ಮನೆಯಲ್ಲಿಡು, ಉಳಿತಾಯವನ್ನು ಮುಂದಿನ ಮನೆಯಲ್ಲಿಡು, 'ಟಿಆರ್' ಮುಚ್ಚು. ನಾಲ್ಕೈದು ಸಾಲಿನ ಬರಹ. ಹದಿನೆಂಟು ಜನರಿದ್ದರೂ ಅಷ್ಟೇ, ಹದಿನೆಂಟು ಸಾವಿರ ಇದ್ದರೂ ಅಷ್ಟೇ. ಕ್ರಮ ಸಂಖ್ಯೆಯನ್ನೂ ಅದೇ ಹಾಕಿಕೊಳ್ಳುತ್ತದೆ. ಮೊದಲ ಎಲೆಗೆ ಒಂದು, ಎರಡನೆಯದಕ್ಕೆ ಎರಡು. ನೋಡಿ ನಾನು ಬೆರಗಾದೆ ಎಂದು ಒಪ್ಪಿಕೊಳ್ಳುತ್ತೇನೆ. ರೂಲರನ್ನು ಕಪಾಟಿನಲ್ಲಿ ಇಟ್ಟುಬಿಟ್ಟೆ.

ನಮ್ಮ ಸಂಘದಲ್ಲಿ ಹದಿನೆಂಟು ಹೆಂಗಸರು. ತಿಂಗಳಿಗೆ ತಲಾ ನೂರು ರೂಪಾಯಿ ಉಳಿತಾಯ. ಅದರ ಮೇಲೆ ಕೈಸಾಲ. ಡಿಸೆಂಬರಿನಲ್ಲಿ ಮೊದಲ ಸಲ ಯಂತ್ರದ ಕೋಷ್ಟಕವನ್ನು ಅಚ್ಚು ಹಾಕಿಸಿ ಸಂಘದ ಕೋಣೆಯ ಗೋಡೆಗೆ ಅಂಟಿಸಿದೆ. ನೀಟಾದ ಗೆರೆ, ದುಂಡಾದ ಅಕ್ಷರ. ನಾನು ಹಳೆಯ ಗುಮಾಸ್ತೆ. ತಾಳೆ ನೋಡದೆ ಬಿಡುವವಳಲ್ಲ. ಕ್ರಮ ಸಂಖ್ಯೆ ಎಲ್ಲೂ ತಪ್ಪಿರಲಿಲ್ಲ. ಒಟ್ಟು 1,700 ರೂಪಾಯಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಅದೇ 1,700. ಸರಿ ಎಂದು ಸಮಾಧಾನದಿಂದ ಮನೆಗೆ ಬಂದೆ.

ಮೂರನೆಯ ದಿನ ಸಂಜೆ ರೊಟ್ಟಿ ಮಾರುವ ಅಕ್ಕ ಮನೆಗೆ ಬಂದಳು. ಸಂಘ ಶುರುವಾದ ದಿನದಿಂದ ಇರುವವಳು. ಪಡಸಾಲೆಗೆ ಬಾ ಎಂದರೂ ಬರದೆ ಹೊಸ್ತಿಲ ಹೊರಗೇ ನಿಂತು, ತನ್ನ ಉಳಿತಾಯದ ಚಿಕ್ಕ ಪುಸ್ತಕವನ್ನು ನನ್ನ ಮುಂದೆ ಚಾಚಿದಳು.

"ಅಕ್ಕೋರ, ಇದನ್ನ ಇಟಗೋರಿ. ಒಂದ ತಿಂಗಳ ತಪ್ಪಿದ್ದಕ್ಕ ಹೆಸರ ತಗದ್ರಿ ಅಂದಮ್ಯಾಗ ಇದು ನನಗ್ಯಾಕ?"

ನನಗೆ ಏನೂ ತಿಳಿಯಲಿಲ್ಲ. ಅವಳ ಗಂಡ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದುದರಿಂದ ಆ ತಿಂಗಳು ಅವಳು ಕಂತು ಕಟ್ಟಿರಲಿಲ್ಲ. ಔಷಧಿಗೆಂದು ಸಂಘದಲ್ಲಿ ಐದು ಸಾವಿರ ಸಾಲ ಕೇಳೋಣವೆಂದು ಬಂದವಳು ಮೊಮ್ಮಗನಿಂದ ಗೋಡೆಯ ಹಾಳೆ ಓದಿಸಿದ್ದಳು. ಹುಡುಗ ಎರಡು ಸಲ ಓದಿ, "ಆಯೀ, ನಿನ್ನ ಹೆಸರ ಇಲ್ಲ" ಎಂದಿದ್ದ. ಅವಳು ಯಾರನ್ನೂ ಏನೂ ಕೇಳದೆ ಹಿಂದಿರುಗಿ ಹೋಗಿದ್ದಳು. ಆ ಎರಡು ದಿನ ಅವಳು ಏನೆಂದುಕೊಂಡಿರಬಹುದು ಎಂಬುದನ್ನು ನೆನೆದರೆ ನನಗೆ ಈಗಲೂ ಮುಖ ಎತ್ತಲಾಗುವುದಿಲ್ಲ.

ರಾತ್ರಿ ಮಗಳಿಗೆ ಫೋನು ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವಾ, ತಪ್ಪು ನಂದು" ಎಂದಳು. ಸದಸ್ಯರ ಕೋಷ್ಟಕ, ಕಂತಿನ ಕೋಷ್ಟಕ ಎರಡನ್ನೂ ಜೋಡಿಸುವಾಗ ಎರಡರಲ್ಲೂ ಇದ್ದವರನ್ನು ಮಾತ್ರ ತೆಗೆದುಕೊಳ್ಳುವಂತೆ ಅವಳು ಬರೆದಿದ್ದಳು. ಆ ತಿಂಗಳು ಕಂತಿಲ್ಲದವಳು ಜೋಡಣೆಯಲ್ಲೇ ಬಿದ್ದುಹೋದಳು. ಟೆಂಪ್ಲೇಟು ಬಂದ ಹದಿನೇಳು ಜನರಿಗೆ ಅಚ್ಚುಕಟ್ಟಾಗಿ ಹದಿನೇಳು ಎಲೆ ಹಾಕಿ ಬಡಿಸಿತು. ಹದಿನೆಂಟನೆಯ ಎಲೆಯನ್ನೇ ಹಾಕಿರಲಿಲ್ಲ. ನಾನು ನೋಡಿದ ಎರಡೂ ತಾಳೆ ಏಕೆ ಸರಿಯಿದ್ದವು ಎಂಬುದೂ ಆಗ ಹೊಳೆಯಿತು. ಅವಳು ಕಟ್ಟಿದ್ದು ಸೊನ್ನೆ; ಸೊನ್ನೆ ಬಿಟ್ಟುಹೋದರೆ ಒಟ್ಟಿಗೆ ನಷ್ಟವಿಲ್ಲ. ಕ್ರಮ ಸಂಖ್ಯೆ ಹೆಂಗಸಿನದಲ್ಲ, ಸಾಲಿನದು. ಸಾಲೇ ಇಲ್ಲದಿದ್ದರೆ ಮುಂದಿನವಳು ಆ ಸಂಖ್ಯೆಗೆ ಬಂದು ಕೂತಳು. ನನ್ನ ಕೈಬರಹದ ಪುಸ್ತಕದಲ್ಲಿ ರೊಟ್ಟಿ ಅಕ್ಕ ಹದಿಮೂರು ವರ್ಷ ನಾಲ್ಕನೆಯ ಸಂಖ್ಯೆಯವಳು. ಹಣ ಕೊಡದ ತಿಂಗಳು ಅವಳ ಮನೆಯಲ್ಲಿ ಒಂದು ಅಡ್ಡಗೆರೆ ಇರುತ್ತಿತ್ತು, ಷರಾದಲ್ಲಿ ಕಾರಣ ಇರುತ್ತಿತ್ತು, ಆದರೆ ನಾಲ್ಕು ನಾಲ್ಕಾಗಿಯೇ ಇರುತ್ತಿತ್ತು. ಅದರ ಹೆಸರು!

ಮಗಳು ಆ ರಾತ್ರಿಯೇ ಸರಿಪಡಿಸಿದಳು. ಇದಕ್ಕೆ 'ಲೆಫ್ಟ್ ಜಾಯಿನ್' ಎನ್ನುತ್ತಾರಂತೆ: ಎಡಗಡೆಯ ಕೋಷ್ಟಕದ ಎಲ್ಲರನ್ನೂ ಮೊದಲು ಕೂರಿಸು, ಬಲಗಡೆ ಅವರ ಹೆಸರಿಗೆ ಏನಾದರೂ ಇದ್ದರೆ ಹಾಕು, ಇಲ್ಲದಿದ್ದರೆ ಮನೆ ಖಾಲಿ ಬಿಡು. ಹೊಸ ಹಾಳೆ ಬಂತು, ಹದಿನೆಂಟು ಸಾಲು. ಆದರೆ ಅಕ್ಕನ ಉಳಿತಾಯದ ಮನೆಯಲ್ಲಿ ಇಂಗ್ಲಿಷಿನಲ್ಲಿ 'ನನ್' ಎಂದು ಅಚ್ಚಾಗಿತ್ತು! ಏನೂ ಇಲ್ಲದ ಕಡೆ ಜ್ಯಾಂಗೊ ಹಾಗೆ ಬರೆಯುತ್ತದಂತೆ, ಬೇಡವೆಂದರೆ ಬೇರೆ ಹೇಳಿಕೊಡಬೇಕು. ಮೊಮ್ಮಗ "ನನ್" ಎಂದು ಓದಿದ. ಅಕ್ಕ ಆ ದಿನ ಮೊದಲ ಸಲ ನಕ್ಕಳು. "ನನ್ ಅಂತ ಬರದೈತೇನು? ಹಂಗಾರ ಅದು ನಂದ ಬಿಡ್ರಿ" ಎಂದಳು. ಅವಳಿಗೆ ಸಾಲ ಕೊಡುವ ಠರಾವು ಆ ಸಭೆಯಲ್ಲೇ ಆಯಿತು.

ನಾನು ಮಗಳಿಗೆ ಇನ್ನೆರಡು ಕೆಲಸ ಹೇಳಿದೆ. ಒಂದು, ಕ್ರಮ ಸಂಖ್ಯೆಯನ್ನು ಸಾಲಿಗಲ್ಲ, ಹೆಂಗಸಿಗೆ ಕೊಡು. ಅದು ಡಬ್ಬಿಯಲ್ಲೇ ಅವಳ ಜೊತೆ ಇರಲಿ. ಎರಡು, ಕೊನೆಗೆ ಒಂದು ಷರಾ ಇರಲಿ, ಅಗಲವಾಗಿ. "ಷರಾ ಯಾಕವ್ವ? ಅದರಿಂದ ಏನೂ ಲೆಕ್ಕ ಮಾಡಾಕ ಬರೂದಿಲ್ಲ" ಎಂದಳು. "ಅದಕ್ಕ ಬೇಕು" ಎಂದೆ.

ಇದು ನಮ್ಮ ಹದಿನೆಂಟು ಜನರ ಸಣ್ಣ ಕಥೆ. ದೊಡ್ಡ ಕೋಷ್ಟಕಗಳಲ್ಲಿ ಏನಾಗುತ್ತದೆ ನೋಡಿ. ನಮ್ಮ ದೇಶದ ಜನಗಣತಿಯಲ್ಲಿ ಹೊಲದಲ್ಲಿ, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವುದೂ ದುಡಿಮೆಯೇ ಎಂಬ ಮಾತನ್ನು ಪ್ರಶ್ನೆಯಲ್ಲೇ ಬಿಡಿಸಿ ಸೇರಿಸಿದ್ದು 1991ರಲ್ಲಿ. ಅಡುಗೆ, ನೀರು, ಮಕ್ಕಳ ಆರೈಕೆ ಎಂದು ದಿನವೆಲ್ಲ ದುಡಿಯುವ ಗೃಹಿಣಿಯರನ್ನು 2001ರ ಗಣತಿಯಲ್ಲೂ ಕೆಲಸ ಮಾಡದವರ ಗುಂಪಿನಲ್ಲಿ, ಭಿಕ್ಷುಕರು ಮತ್ತು ಕೈದಿಗಳ ಜೊತೆ ಹಾಕಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ಅಲ್ಲಿ ಒಟ್ಟು ತಪ್ಪಿರಲಿಲ್ಲ, ಗೆರೆ ಸೊಟ್ಟಗಿರಲಿಲ್ಲ. ಕಾಲಮ್ಮಿಗೆ ತಲೆಬರಹ ಬರೆದವರು ನಮ್ಮ ಅಡುಗೆಮನೆಯ ಕಡೆ ನೋಡಿರಲಿಲ್ಲ, ಅಷ್ಟೆ.

ಯಂತ್ರವನ್ನು ನಾನು ದೂರುವುದಿಲ್ಲ. ಕೈತಪ್ಪಿನಿಂದ ಎಂಟನ್ನು ಮೂರು ಮಾಡುವ ಕಾಲ ಹೋದದ್ದು ಒಳ್ಳೆಯದೇ. ಬ್ಯಾಬೇಜನ ಆಸೆ ತೀರಿತು. ಈಗಲೂ ನಮ್ಮ ಸಂಘದ ಹಾಳೆ ಕಂಪ್ಯೂಟರಿನಿಂದಲೇ ಬರುತ್ತದೆ. ಆದರೆ ಅದನ್ನು ಗೋಡೆಗೆ ಅಂಟಿಸುವ ಮುನ್ನ ನಾನು ಒಟ್ಟು ನೋಡುವುದಿಲ್ಲ. ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗುತ್ತೇನೆ, ಓದಲು ಬಾರದವರೂ ಕೇಳಿಸಿಕೊಳ್ಳಲಿ ಎಂದು. ಹದಿನೆಂಟು "ಅದೀನ್ರಿ" ಬಂದ ಮೇಲೆಯೇ ಗೋಂದು ಹಚ್ಚುವುದು. ಕಳೆದ ತಿಂಗಳು ನಾಲ್ಕನೆಯ ಸಂಖ್ಯೆಯ ಎದುರು ಷರಾದಲ್ಲಿ ನಾನು ತುಂಬಿದ್ದು ಇಷ್ಟು: "ಮೊಮ್ಮಗನಿಗೆ ಕೆಲಸ ಸಿಕ್ಕಿತು, ಪೇಢೆ ಹಂಚಿದರು."